‘ಲಾಯ್ಕುಂಟು’ ಅಂದ ಮೇಲೆಯೂ ಹೇಳಲಿಕ್ಕುಂಟು

ಫೋಟೊ ನೋಡಿ ಮಾತಾಡುವ ವಿಷಯದಲ್ಲಿ ನಮ್ಮ ಊರಿನವರು ಉದಾರಿಗಳೂ ಹೌದು, ಬಡವರೂ ಹೌದು. ಉದಾರಿಗಳು ಯಾಕೆಂದರೆ ಯಾರ ಮನಸ್ಸಿಗೂ ಬೇಸರ ಮಾಡುವುದಿಲ್ಲ. ಬಡವರು ಯಾಕೆಂದರೆ ನಮ್ಮ ಕೈಯಲ್ಲಿ ಇರುವುದು ಎರಡೇ ಮಾತು. ಒಂದು, “ಲಾಯ್ಕುಂಟು ಮಾರಾಯ.” ಇನ್ನೊಂದು, “ಕ್ಯಾಮೆರಾ ಯಾವುದು?” ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ವಾಚನಾಲಯದ ಗೋಡೆಯಲ್ಲಿ ಊರಿನ ಹುಡುಗ ಹುಡುಗಿಯರು ತೆಗೆದ ಇಪ್ಪತ್ತೆರಡು ಚಿತ್ರ ಹಾಕಿದ್ದೆವು. ಗುಡ್ಡೆ, ತೋಟ, ತೋಡು, ಕಡಲು, ಪದವು. ಒಂದು ವಾರ ಜನ ಬಂದು ನೋಡಿದರು. ಅಭಿಪ್ರಾಯ ಬರೆಯಲಿಕ್ಕೆ ಇಟ್ಟ ಪುಸ್ತಕದಲ್ಲಿ ನಾಲ್ಕು ಪುಟ ತುಂಬಿತು. ಕೂತು ಓದಿದರೆ ನಾಲ್ಕು ಪುಟದಲ್ಲಿಯೂ ಹೆಚ್ಚುಕಡಿಮೆ ಆ ಎರಡೇ ಮಾತು.

ಹಾಗಂತ ನಮಗೆ ವಿಮರ್ಶೆ ಮಾಡಲಿಕ್ಕೆ ಬರುವುದಿಲ್ಲ ಅಂತ ಹೇಳುವ ಹಾಗಿಲ್ಲ. ತಾಳಮದ್ದಳೆ ಮುಗಿದು ಚಹಾ ಕುಡಿಯುವಾಗ ನಮ್ಮವರ ಮಾತು ಕೇಳಬೇಕು. ಕೃಷ್ಣನ ಅರ್ಥ ಹೇಳಿದವರು ಎಲ್ಲಿ ಎಳೆದರು, ಕೌರವ ಕೇಳಿದ ಯಾವ ಪ್ರಶ್ನೆಗೆ ಉತ್ತರವೇ ಬರಲಿಲ್ಲ, ಭಾಗವತರು ಯಾವ ಪದ್ಯವನ್ನು ಹಾರಿಸಿದರು, ಎಲ್ಲ ಲೆಕ್ಕ ಇರ್ತದೆ. ಮದುವೆ ಊಟ ಉಂಡು ಕೈ ತೊಳೆಯುವಾಗಲೇ “ಮೇಲಾರಕ್ಕೆ ಹುಳಿ ಸಾಲದು” ಅಂತ ಹೇಳಿಯಾಗ್ತದೆ. ಯಾರೂ ಅಲ್ಲಿ “ಪಾತ್ರೆ ಯಾವ ಕಂಪೆನಿಯದ್ದು?” ಅಂತ ಕೇಳುವುದಿಲ್ಲ. ಫೋಟೊದ ಎದುರು ಮಾತ್ರ ನಾವು ಪಾತ್ರೆಯ ಕಂಪೆನಿ ಕೇಳ್ತೇವೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ ಅಂತ ನನ್ನ ಅಭಿಪ್ರಾಯ. ಎರಡು ನಷ್ಟ ಉಂಟು. “ಕ್ಯಾಮೆರಾ ಸಾಲದು” ಅನ್ನುವ ಒಂದು ಮಾತು ಕೇಳಿ ಮನೆಯ ಒಂದು ಕೊಯ್ಲಿನ ಅಡಿಕೆ ಹಣವನ್ನು ಕ್ಯಾಮೆರಾಕ್ಕೆ ಹಾಕಲಿಕ್ಕೆ ಹೊರಡುವ ಮಕ್ಕಳಿದ್ದಾರೆ. ಅದು ಮೊದಲನೆಯದು. ಎರಡನೆಯದು ಇನ್ನೂ ದೊಡ್ಡದು. ನಾವು ಯಾವುದನ್ನು ಹೊಗಳುತ್ತೇವೋ ಮಕ್ಕಳು ನಾಳೆ ಅದನ್ನೇ ತೆಗೀತಾರೆ. ಹೊಗಳದ್ದನ್ನು ಬಿಡ್ತಾರೆ, ಕೆಲವೊಮ್ಮೆ ಅಳಿಸಿಯೇ ಬಿಡ್ತಾರೆ. ಗೋಡೆಯಲ್ಲಿದ್ದ ಕೆಲವು ಚಿತ್ರಗಳನ್ನೇ ಹಿಡಿದುಕೊಂಡು ಇದನ್ನು ಹೇಳ್ತೇನೆ.

ಬೇಕಲ ಕೋಟೆಯ ಚಿತ್ರ ಮೂರು ಇದ್ದವು. ಮೂರು ಜನ ತೆಗೆದದ್ದು, ಆದರೆ ಹೆಸರು ಮುಚ್ಚಿದರೆ ಯಾರದ್ದು ಯಾವುದು ಅಂತ ಹೇಳಲಿಕ್ಕಾಗದು. ಕಡಲಿಗೆ ಚಾಚಿದ ಅದೇ ಕೊತ್ತಳ, ಕೆಳಗೆ ನೊರೆ, ಹಿಂದೆ ಮುಳುಗುವ ಸೂರ್ಯ. 1995ರಲ್ಲಿ ಬಂದ ‘ಬಾಂಬೆ’ ಸಿನಿಮಾದ ಹಾಡೊಂದನ್ನು ಅಲ್ಲಿ ಚಿತ್ರೀಕರಿಸಿದ ಮೇಲೆ ಆ ನೋಟ ದೇಶಕ್ಕೆಲ್ಲ ಪರಿಚಯ ಆಯಿತು. ಅಂದಿನಿಂದ ಕೋಟೆಗೆ ಹೋದವರ ಕಾಲು ತಾನಾಗಿ ಅಲ್ಲಿಗೇ ಹೋಗಿ ನಿಲ್ತದೆ. ಈ ಮೂರು ಚಿತ್ರಗಳಲ್ಲಿ ತಾಂತ್ರಿಕ ದೋಷ ಕಡಿಮೆ. ಒಂದರಲ್ಲಿ ಕಡಲು ಬಲಕ್ಕೆ ವಾಲಿದೆ, ಅಷ್ಟೆ. ಕಡಲಿನ ಗೆರೆ ವಾಲಿದರೆ ನೋಡುವವನಿಗೆ ನೀರೆಲ್ಲ ಒಂದು ಕಡೆ ಚೆಲ್ಲಿಹೋಗುವ ಹಾಗೆ ಆಗ್ತದೆ. ಫೋನಿನಲ್ಲಿ ಚೌಕಳಿ ಗೆರೆ ಹಾಕಿಕೊಂಡರೆ ಅದು ಸರಿಯಾಯಿತು. ಹೇಳಬೇಕಾದ ಮುಖ್ಯ ಮಾತು ಬೇರೆ ಉಂಟು: “ನೀನು ನೋಡಿದ್ದು ಇದರಲ್ಲಿ ಎಲ್ಲಿ?” ಕೇಳಿದೆ. ಮೂವರಲ್ಲಿ ಒಬ್ಬಳು ಹೇಳಿದಳು, “ಮಾಷ್ಟ್ರೇ, ನನಗೆ ಇಷ್ಟ ಆದದ್ದು ಗೋಡೆಯ ಕಲ್ಲು. ಮಳೆಗೆ ಅದರ ಮೇಲೆ ಪಾಚಿ ಬೆಳೆದು ನಮ್ಮ ಮನೆಯ ಹಿಂದಿನ ಬರೆಯ ಹಾಗೇ ಕಾಣ್ತದೆ.” ಅದರ ಚಿತ್ರ ತೆಗೆದಿದ್ದೀಯಾ ಅಂದರೆ ಇಲ್ಲ. ಕೋಟೆಯೂ ನಮ್ಮ ಮನೆಗಳೂ ಒಂದೇ ಮುರಕಲ್ಲಿನಲ್ಲಿ ಕಟ್ಟಿದ್ದು ಅನ್ನುವುದನ್ನು ಆ ಹುಡುಗಿ ಕಂಡಿದ್ದಾಳೆ. ಆದರೆ ಅದು ಚಿತ್ರಕ್ಕೆ ಯೋಗ್ಯ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ಬೇಕಾದದ್ದು ಹೊಸ ಕ್ಯಾಮೆರಾ ಆಗಿರಲಿಲ್ಲ. ಯಾರಾದರೂ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಇನ್ನು ಅಡಿಕೆ ತೋಟದ ಚಿತ್ರ. ಮರಗಳ ಕೆಳಗೆ ಕತ್ತಲೆ, ಸೋಗೆಗಳ ಎಡೆಯಲ್ಲಿ ಆಕಾಶ ಸುಣ್ಣ ಹೊಡೆದ ಹಾಗೆ ಬಿಳಿ. ಮರಗಳೆಲ್ಲ ಮೇಲೆ ಹೋಗ್ತಾ ಹೋಗ್ತಾ ಒಂದಕ್ಕೊಂದು ವಾಲಿಕೊಂಡಿವೆ. ಇದರ ಬಗ್ಗೆ ಪುಸ್ತಕದಲ್ಲಿ ಒಬ್ಬರು ಬರೆದದ್ದು: “ಫೋನಿನಲ್ಲಿ ಇಷ್ಟೇ ಆಗುವುದು, ಡಿಎಸ್‌ಎಲ್‌ಆರ್ ತೆಗೆದುಕೋ.” ಈ ಸಲಹೆ ತಪ್ಪು. ನಡುಮಧ್ಯಾಹ್ನ ತೋಟದ ನೆರಳಿಗೂ ಮೇಲಿನ ಆಕಾಶಕ್ಕೂ ಬೆಳಕಿನ ಅಂತರ ಎಷ್ಟಿರ್ತದೆ ಅಂದರೆ ದೊಡ್ಡ ಕ್ಯಾಮೆರಾ ಕೂಡ ಒಂದೇ ಏಟಿಗೆ ಎರಡನ್ನೂ ಹಿಡಿಯಲಿಕ್ಕೆ ಕಷ್ಟಪಡ್ತದೆ. ದಾರಿ ಬೇರೆ ಉಂಟು. ಬೆಳಿಗ್ಗೆ ಏಳು ಗಂಟೆಗೆ ಹೋಗು. ಇಲ್ಲವಾದರೆ ಮೋಡ ಕವಿದ ದಿನ ಹೋಗು. ಅದೂ ಆಗದಿದ್ದರೆ ಆಕಾಶವನ್ನು ಚೌಕಟ್ಟಿನಿಂದ ಹೊರಗೆ ಬಿಡು, ತೋಟದ ಕಥೆ ಇರುವುದು ಕೆಳಗೆ. ಫೋನಿನ ಪರದೆಯಲ್ಲಿ ಬೆರಳಿಟ್ಟು ಬೆಳಕನ್ನು ಸ್ವಲ್ಪ ತಗ್ಗಿಸಲಿಕ್ಕೂ ಬರ್ತದೆ. ಮರ ವಾಲಿದ್ದು ಫೋನನ್ನು ಮೇಲಕ್ಕೆ ಎತ್ತಿ ಹಿಡಿದ ಕಾರಣ. ಲಕ್ಷ ರೂಪಾಯಿಯ ಕ್ಯಾಮೆರಾವನ್ನು ಹಾಗೆ ಎತ್ತಿದರೂ ಮರ ವಾಲಿಯೇ ವಾಲ್ತದೆ. ಹಿಂದೆ ಸರಿದು ನೇರ ಹಿಡಿದರೆ, ಅಥವಾ ಎತ್ತರದ ಕಟ್ಟೆಯ ಮೇಲೆ ನಿಂತರೆ ಸರಿಯಾಗ್ತದೆ.

ಹಾಗಾದರೆ ಕ್ಯಾಮೆರಾದ ಪ್ರಶ್ನೆ ಕೇಳಲೇ ಬಾರದಾ? ಕೇಳಬೇಕು, ಆದರೆ ಚಿತ್ರ ಕೇಳಿದಾಗ ಕೇಳಬೇಕು. ಪೊಸಡಿಗುಂಪೆಯಿಂದ ತೆಗೆದ ಚಿತ್ರ ಒಂದು ಇತ್ತು. ಮಳೆ ಬಿಟ್ಟ ಬೆಳಿಗ್ಗೆ ದೂರದಲ್ಲಿ ಘಟ್ಟದ ಸಾಲು ಏಳುವುದನ್ನು ಕಂಡು ಹುಡುಗನಿಗೆ ಮೈ ಜುಮ್ಮೆಂದಿದೆ. ಚಿತ್ರದಲ್ಲಿ ಮಾತ್ರ ಆ ಸಾಲು ಒಂದು ನೂಲಿನ ಎಳೆಯಷ್ಟು. ಇಲ್ಲಿ ಉಪಕರಣದ ಮಿತಿ ನಿಜ. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಹಳೆಯ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 24ರಿಂದ 26 ಮಿ.ಮೀ. ಅದು ಹತ್ತಿರದ ಹುಲ್ಲನ್ನು ದೊಡ್ಡದು ಮಾಡ್ತದೆ, ದೂರದ ಘಟ್ಟವನ್ನು ಸಣ್ಣದು ಮಾಡ್ತದೆ. ಬೆರಳಲ್ಲಿ ಹಿಗ್ಗಿಸಿದರೆ ಹೆಚ್ಚಿನ ಫೋನುಗಳಲ್ಲಿ ಚಿತ್ರದ ಒಂದು ತುಂಡನ್ನು ಕತ್ತರಿಸಿ ದೊಡ್ಡದು ಮಾಡಿದ ಹಾಗೆ, ಅಷ್ಟೆ. ಘಟ್ಟವನ್ನು ಹತ್ತಿರ ತರಬೇಕಾದರೆ 100 ಮಿ.ಮೀ. ಅಥವಾ ಅದಕ್ಕೂ ಉದ್ದದ ಲೆನ್ಸ್ ಬೇಕು. ಆ ಹುಡುಗನಿಗೆ “ಇಂಥ ಲೆನ್ಸ್ ಸಿಕ್ಕಿದರೆ ನೋಡು” ಅಂದರೆ ಅದು ಉಪಕಾರ. ತೋಟದ ಹುಡುಗನಿಗೆ ಅದೇ ಮಾತು ಹೇಳಿದರೆ ಅಪಕಾರ.

ಲೆಕ್ಕವನ್ನೂ ಒಮ್ಮೆ ಹೇಳಿಬಿಡ್ತೇನೆ, ಮಾಷ್ಟ್ರುಗಳಿಗೆ ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಮಾಡಿಸಲಿಕ್ಕೆ ಆದೀತು. ಗೋಡೆಗೆ ಹಾಕುವ 12×18 ಇಂಚಿನ ಚಿತ್ರಕ್ಕೆ ಇಂಚಿಗೆ 200 ಚುಕ್ಕೆ ಇದ್ದರೆ ನಿಂತು ನೋಡುವವರಿಗೆ ಧಾರಾಳ ಸಾಕು. ಅಂದರೆ 2400×3600, ಒಟ್ಟು 86 ಲಕ್ಷ ಚುಕ್ಕೆ. 12 ಮೆಗಾಪಿಕ್ಸೆಲ್ಲಿನ ಸಾಧಾರಣ ಫೋನಿನಲ್ಲಿ 1 ಕೋಟಿ 20 ಲಕ್ಷ ಉಂಟು. ಮತ್ತೆ ಗೋಡೆಯಲ್ಲಿದ್ದ ಏಳೆಂಟು ಚಿತ್ರ ಮಸುಕಾದದ್ದು ಯಾಕೆ? ವಾಟ್ಸಾಪಿನಲ್ಲಿ ಕಳಿಸಿ ಪ್ರಿಂಟ್ ಹಾಕಿಸಿದ್ದರಿಂದ. ಸಾದಾ ರೀತಿಯಲ್ಲಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸ್ತದೆ. ಉದ್ದದ ಬದಿಯಲ್ಲಿ 1600 ಚುಕ್ಕೆ ಉಳಿದರೆ 18 ಇಂಚಿಗೆ ಹರಡಿದಾಗ ಇಂಚಿಗೆ 90 ಕೂಡ ಸಿಗುವುದಿಲ್ಲ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅಥವಾ ಪೆನ್‌ಡ್ರೈವಿನಲ್ಲಿ ಕೊಟ್ಟರೆ ಈ ತೊಂದರೆ ಇಲ್ಲ. ಕಳಿಸುವ ದಾರಿಯಲ್ಲಿ ಆದ ನಷ್ಟಕ್ಕೆ ನಾವು ಕ್ಯಾಮೆರಾವನ್ನು ಬೈದೆವು.

ಕ್ಯಾಮೆರಾ ಕೊಳ್ಳಲೇಬೇಕು ಅನ್ನುವವರಿಗೆ ಕೂಡ ಎರಡು ಮಾತು. ದೊಡ್ಡ ಕ್ಯಾಮೆರಾದಿಂದ ಸಿಗುವ ಲಾಭ ಅದರ ಒಳಗಿನ ಸೆನ್ಸರಿನದ್ದು. ‘ಫುಲ್ ಫ್ರೇಮ್’ ಅನ್ನುವುದು 36×24 ಮಿ.ಮೀ., ಹೆಚ್ಚಿನವರು ಕೊಳ್ಳುವ ‘ಎಪಿಎಸ್‌-ಸಿ’ ಸುಮಾರು 23×15 ಮಿ.ಮೀ. ಫೋನಿನದ್ದು ಅದಕ್ಕಿಂತ ಎಷ್ಟೋ ಸಣ್ಣದು. ಮುಸ್ಸಂಜೆಯ ಬೆಳಕಿನಲ್ಲಿ, ದೊಡ್ಡ ಪ್ರಿಂಟಿನಲ್ಲಿ, ಉದ್ದ ಲೆನ್ಸ್ ಬೇಕಾದಾಗ ಆ ವ್ಯತ್ಯಾಸ ಕಾಣ್ತದೆ. ಹಗಲಿನ ಗುಡ್ಡೆಯಲ್ಲಿ ಹೆಚ್ಚು ಕಾಣದು. ಆದ್ದರಿಂದ ಮೊದಲು ಒಂದು ಮುಕ್ಕಾಲಿ ಸ್ಟ್ಯಾಂಡ್ ಕೊಂಡು ಒಂದು ವರ್ಷ ಒಂದೇ ಜಾಗವನ್ನು ತೆಗೆದು ನೋಡಲಿ. ಆ ವರ್ಷದ ಕೊನೆಗೆ “ನನಗೆ ಇಂಥದ್ದು ಆಗ್ಲಿಲ್ಲ” ಅಂತ ಅವನಿಗೇ ಗೊತ್ತಾಗಿರ್ತದೆ, ಆಗ ಬೇಕಾದ್ದನ್ನು ಮಾತ್ರ ಕೊಳ್ಳಬಹುದು. ಇನ್ನೊಂದು ನಮ್ಮ ಕರಾವಳಿಯ ಮಾತು: ಮಳೆಗಾಲದ ತೇವಕ್ಕೆ ಲೆನ್ಸಿನ ಒಳಗೆ ಬೂಸ್ಟು ಬರ್ತದೆ. ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟರೆ ಇನ್ನೂ ಬೇಗ. ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಬೇಕು. ಅಂಗಡಿಯವರು ಇದನ್ನು ಹೇಳುವುದು ಕಡಿಮೆ.

ಈಗ ಎಲ್ಲರೂ ಹೆಚ್ಚು ಮೆಚ್ಚಿದ ಚಿತ್ರಕ್ಕೆ ಬರ್ತೇನೆ. ನಮ್ಮ ಪದವಿನ ಚಿತ್ರ. ಸೋಣ ತಿಂಗಳು, ಪಳ್ಳದಲ್ಲಿ ನೀರು ತುಂಬಿದೆ, ನೀರಿನಲ್ಲಿ ಮೋಡ. ಅಂಚಿನಲ್ಲಿ ಸಣ್ಣ ನೀಲಿ ಹೂಗಳು. ಹಿಂದೆ ಮುಳಿಹುಲ್ಲಿನ ಹಸುರು. ಅಡಿಯಲ್ಲಿ ‘ನಮ್ಮ ಪದವು’ ಅಂತ ಬರೆದಿತ್ತು. ನಿಂತು ನೋಡುವ ಹಾಗೇ ಇತ್ತು, ಸುಳ್ಳು ಹೇಳಲಾರೆ. ನೀರಿನ ಮಟ್ಟಕ್ಕೆ ಬಗ್ಗಿ ತೆಗೆದ ಕಾರಣ ಮೋಡ ಮೇಲೆಯೂ ಕೆಳಗೆಯೂ ಸಮ ಬಂದಿದೆ. ಪಳ್ಳದ ದಡ ಎಡದಿಂದ ಬಳಸಿ ಕಣ್ಣನ್ನು ಒಳಗೆ ಕರಕೊಂಡು ಹೋಗ್ತದೆ. ಇಷ್ಟನ್ನು ಹುಡುಗನಿಗೆ ಬಿಡಿಸಿ ಹೇಳಬೇಕು. ಬರೇ “ಲಾಯ್ಕುಂಟು” ಅಂದರೆ ತಾನು ಮಾಡಿದ್ದರಲ್ಲಿ ಯಾವುದು ಸರಿಯಾಯಿತು ಅಂತ ಅವನಿಗೆ ತಿಳಿಯುವುದಿಲ್ಲ.

ಆದರೆ ಆ ಪದವನ್ನು ಬಲ್ಲವರಿಗೆ ಅಲ್ಲಿ ಎರಡು ವಸ್ತು ಕಾಣೆಯಾದದ್ದು ಗೊತ್ತು. ಪಳ್ಳದ ಬಲಕ್ಕೆ ಮೊಬೈಲ್ ಟವರ್ ಉಂಟು. ಅದರ ಹಿಂದೆ ಕೆಂಪುಕಲ್ಲಿನ ಕೋರೆ ಉಂಟು, ಗುಡ್ಡೆಯ ಅರ್ಧ ಭಾಗವನ್ನು ಅದು ತಿಂದಾಗಿದೆ. ಎರಡನ್ನೂ ಹುಡುಗ ಫೋನಿನಲ್ಲಿ ಬೆರಳಾಡಿಸಿ ಅಳಿಸಿದ್ದಾನೆ, ಆ ಜಾಗದಲ್ಲಿ ಫೋನೇ ಹುಲ್ಲು ಬೆಳೆಸಿಕೊಟ್ಟಿದೆ. ಮೊದಲು ಇದನ್ನು ಹಿಡಿದದ್ದು ಪದವಿನಲ್ಲಿ ಮುಳಿ ಹೆರೆದು ಬದುಕಿದ ಒಬ್ಬರು ಅಕ್ಕ. ಹತ್ತಿರ ಹೋಗಿ ನೋಡಿ ಹೇಳಿದರು, “ಈ ಹಸುರು ಬಾಳೆ ಎಲೆಯದ್ದು, ಮುಳಿಯದ್ದು ಅಲ್ಲ. ಸೋಣ ಕಳೀವಾಗ ಮುಳಿಯ ತುದಿ ಕೆಂಪಾಗ್ಲಿಕ್ಕೆ ಸುರು ಆಗ್ತದೆ. ಮತ್ತೆ ಕಲ್ಲಿನ ಹೊಂಡ ಎಲ್ಲಿಗೆ ಹೋಯ್ತು?” ಇಡೀ ವಾರದಲ್ಲಿ ಆ ಗೋಡೆಯ ಎದುರು ಬಂದ ಅತ್ಯುತ್ತಮ ವಿಮರ್ಶೆ ಇದು. ಅವರು ಪುಸ್ತಕದಲ್ಲಿ ಬರೆಯಲಿಲ್ಲ, ಆದ್ದರಿಂದ ನಾನು ಇಲ್ಲಿ ಬರೀತಾ ಇದ್ದೇನೆ.

ಹುಡುಗನನ್ನು ಕೇಳಿದಾಗ ಅವನು ಹೇಳಿದ್ದರಲ್ಲಿಯೂ ಸತ್ವ ಉಂಟು. “ಮಾಷ್ಟ್ರೇ, ನಾನು ಸಣ್ಣದಿರುವಾಗ ಪದವು ಹೀಗೇ ಇತ್ತು. ನನಗೆ ಅದು ಬೇಕಾಗಿತ್ತು.” ಅವನು ಜನರನ್ನು ಮೋಸ ಮಾಡಲಿಕ್ಕೆ ಅಳಿಸಿದ್ದಲ್ಲ, ಕಳಕೊಂಡದ್ದನ್ನು ವಾಪಸು ತರಲಿಕ್ಕೆ ಅಳಿಸಿದ್ದು. ಕೇಳದೆ ಬೈದಿದ್ದರೆ ಈ ಮಾತು ಹೊರಗೆ ಬರುತ್ತಿರಲಿಲ್ಲ.

ಅಳಿಸುವ ಈ ಆಸೆ ಹೊಸದಲ್ಲ, ಫೋನಿನಿಂದ ಹುಟ್ಟಿದ್ದೂ ಅಲ್ಲ. ಭೂದೃಶ್ಯದ ಚಿತ್ರಗಳಿಗೆ ಜಗತ್ತಿನಲ್ಲೇ ಹೆಸರಾದವರು ಅಮೆರಿಕದ ಆನ್ಸೆಲ್ ಆಡಮ್ಸ್. 1944ರಲ್ಲಿ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿನ ಹತ್ತಿರ ಅವರು ಹಿಮದ ಬೆಟ್ಟಗಳ ಒಂದು ಚಿತ್ರ ತೆಗೆದರು. ಮುಂದಿನ ಕಪ್ಪು ಗುಡ್ಡದ ಮೇಲೆ ಅಲ್ಲಿಯ ಹೈಸ್ಕೂಲಿನ ಮಕ್ಕಳು ಕಲ್ಲುಗಳಿಗೆ ಸುಣ್ಣ ಬಳಿದು ಊರಿನ ಹೆಸರಿನ ಎರಡು ಅಕ್ಷರ ಮೂಡಿಸಿದ್ದರು. ಆಡಮ್ಸ್ ಆ ಅಕ್ಷರಗಳನ್ನು ಅಳಿಸಿಬಿಟ್ಟರು, ಅಳಿಸಿದ್ದನ್ನು ತಾವೇ ಬರೆದು ಹೇಳಿಯೂ ಇದ್ದಾರೆ. ಅದಕ್ಕೆ ಆಕ್ಷೇಪ ಮಾಡಿದವರೂ ಇದ್ದರು. ಗುಡ್ಡ ಮಕ್ಕಳದ್ದೂ ಹೌದಲ್ಲ? ಇನ್ನೊಂದು ಬದಿಯನ್ನೂ ಹೇಳಬೇಕು. ಅವರ ಸಿಯೆರಾ ನೆವಾಡ ಬೆಟ್ಟಗಳ ಚಿತ್ರಪುಸ್ತಕ 1938ರಲ್ಲಿ ಬಂದು ಅಧ್ಯಕ್ಷ ರೂಸ್‌ವೆಲ್ಟರ ಕೈ ತಲುಪಿತು. 1940ರಲ್ಲಿ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ ಆಗಲಿಕ್ಕೆ ಅದೂ ಒಂದು ಬಲವಾಯಿತು. ಬರೇ ಚೆಂದದ ಚಿತ್ರವೂ ನೆಲವನ್ನು ಉಳಿಸಬಲ್ಲದು.

ಅದೇ ದೇಶದಲ್ಲಿ ಅದೇ ಅಡ್ಡಹೆಸರಿನ ಇನ್ನೊಬ್ಬರು ಇದ್ದಾರೆ, ರಾಬರ್ಟ್ ಆಡಮ್ಸ್. ಸಂಬಂಧಿಕರಲ್ಲ. ಅವರು ಕೊಲೊರಾಡೊದ ಬೆಟ್ಟದ ಬುಡದಲ್ಲಿ ಏಳ್ತಾ ಇದ್ದ ಹೊಸ ಮನೆಗಳ ಸಾಲು, ರಸ್ತೆ, ಪೆಟ್ರೋಲ್ ಪಂಪುಗಳನ್ನು ಏನನ್ನೂ ಮುಚ್ಚದೆ ತೆಗೆದರು. ‘ದಿ ನ್ಯೂ ವೆಸ್ಟ್’ ಅನ್ನುವ ಆ ಪುಸ್ತಕ 1974ರದ್ದು. ಮರುವರ್ಷ ರೋಚೆಸ್ಟರಿನಲ್ಲಿ ಇಂಥ ಚಿತ್ರಗಳದ್ದೇ ಒಂದು ಪ್ರದರ್ಶನ ಆಯಿತು, ಮನುಷ್ಯ ಬದಲಾಯಿಸಿದ ಭೂದೃಶ್ಯ ಅನ್ನುವುದೇ ಅದರ ವಿಷಯ. ಅವುಗಳ ವಿಶೇಷ ಏನೆಂದರೆ ಆ ಸಾಲು ಮನೆಗಳ ಮೇಲೆ ಬಿದ್ದ ಬೆಳಕು ಕೂಡ ಬೆಟ್ಟದ ಮೇಲೆ ಬಿದ್ದಷ್ಟೇ ಚೆಂದ ಇರ್ತದೆ. ಕೋರೆ ಚೌಕಟ್ಟಿನೊಳಗೆ ಬಂದರೆ ಚಿತ್ರ ಕೆಟ್ಟಿತು ಅಂತ ಹೆದರಬೇಕಾಗಿಲ್ಲ. ಮುರಕಲ್ಲಿನ ಕೋರೆಯ ಗೋಡೆಗೆ ಸಂಜೆ ಬಿಸಿಲು ಬಿದ್ದಾಗ ಯಂತ್ರ ಗೀರಿದ ಗೆರೆಗಳು ಹೇಗೆ ಹೊಳೀತವೆ ಅಂತ ನೋಡಿದವರಿಗೆ ಗೊತ್ತು. ಚೆಂದವೂ ಸಂಕಟವೂ ಒಟ್ಟಿಗೆ ಬರುವ ಚಿತ್ರ ಅದು. ನಮ್ಮ ಹುಡುಗರಲ್ಲಿ ಯಾರೂ ಅದನ್ನು ತೆಗೆದಿಲ್ಲ. ತೆಗೆದರೆ ಯಾರೂ “ಲಾಯ್ಕುಂಟು” ಅನ್ನಲಿಕ್ಕಿಲ್ಲ ಅಂತ ಅವರಿಗೆ ಗೊತ್ತು.

ನಮಗೆ ಇದು ಬರೇ ಕಲೆಯ ತರ್ಕ ಅಲ್ಲ. ಪದವಿನ ಮುರಕಲ್ಲು ಮಳೆಯ ನೀರನ್ನು ಹೀರಿ ನಿಧಾನಕ್ಕೆ ಕೆಳಗೆ ಬಿಡ್ತದೆ. ನಮ್ಮ ಸುರಂಗಗಳಿಗೆ ನೀರು ಬರುವುದು ಹಾಗೆ. ಕಲ್ಲು ಕಡಿದ ಮೇಲೆ ಏನಾಗ್ತದೆ ಅಂತ ಮುಂದಿನವರು ಕೇಳುವಾಗ ತೋರಿಸಲಿಕ್ಕೆ ಚಿತ್ರ ಬೇಕು. ಈ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕದಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಿದ್ದಾರೆ. ಆಗಲೂ ದೂರದಿಂದ ತೆಗೆದರೆ ಗುಡ್ಡೆ ಹಸುರೇ. ಹಸುರು ಇದ್ದಲ್ಲಿ ಎಲ್ಲ ಸರಿ ಇದೆ ಅಂತ ನಂಬುವ ಕಣ್ಣಿಗೆ ಬಂದ ಗತಿ ನಾವು ಕಂಡಾಗಿದೆ.

ಇನ್ನು ಹೇಳುವ ಕ್ರಮ. ನನಗೆ ಸರಿ ಕಂಡದ್ದು ಇಷ್ಟು. ಮೊದಲು ಕಾಣುವುದನ್ನು ಹೇಳಿ: ಕಣ್ಣು ಎಲ್ಲಿಗೆ ಹೋಯಿತು, ಎಲ್ಲಿ ತಡೆಯಿತು. ಆಮೇಲೆ ಕೇಳಿ: ನಿನಗೆ ಬೇಕಾದದ್ದು ಏನು? ಅದಕ್ಕೂ ಚಿತ್ರಕ್ಕೂ ನಡುವೆ ಇರುವ ಅಂತರವನ್ನು ಹೇಳಿ. ಕೊನೆಗೆ ಒಂದೇ ಒಂದು ಬದಲಾವಣೆ ಸೂಚಿಸಿ, ಅದೂ ಅವನ ಕೈಯಲ್ಲಿ ಆಗುವಂಥದ್ದು. ಹತ್ತು ಹೇಳಿದರೆ ಒಂದೂ ಉಳಿಯುವುದಿಲ್ಲ. ನಿಂತ ಜಾಗ, ಹೊತ್ತು, ಚೌಕಟ್ಟು ಇವು ಮೂರೂ ಮುಗಿದ ಮೇಲೆ ಕ್ಯಾಮೆರಾ. ಚಿತ್ರದ ಕೆಳಗಿನ ಹೆಸರನ್ನು ಮುಚ್ಚಿ ಮಾತಾಡುವುದು ಒಳ್ಳೆಯದು. ಇಲ್ಲದಿದ್ದರೆ ಮಾಷ್ಟ್ರು ತೆಗೆದ ಚಿತ್ರಕ್ಕೆ ಮಕ್ಕಳು “ಸೂಪರ್ ಸರ್” ಅಂತಲೇ ಹೇಳುವುದು. ಸಣ್ಣವರು ಮೊದಲು ಮಾತಾಡಲಿ, ದೊಡ್ಡವರು ಕಡೆಗೆ. ಆ ನೆಲದಲ್ಲಿ ಕೆಲಸ ಮಾಡುವವರು ಇದ್ದರೆ ಅವರನ್ನು ಕರೆದು ಕೂರಿಸಿ.

ಕೇಳುವವರಿಗೂ ಒಂದು ಕ್ರಮ ಬೇಕು. ಎದುರಿನವರು ಮುಗಿಸುವ ವರೆಗೆ ವಿವರಣೆ ಕೊಡಬೇಡಿ. ಚಿತ್ರ ಮನೆಮನೆಗೆ ಹೋಗುವಾಗ ನೀವು ಅದರ ಹಿಂದೆ ಹೋಗಿ ಅರ್ಥ ಹೇಳಲಿಕ್ಕಾಗುವುದಿಲ್ಲ. ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಯೂ ಇಲ್ಲ. ಆದರೆ ಮೂರು ಜನ ಒಂದೇ ಕಡೆ ತಡೆದರೆ ಅಲ್ಲಿ ಏನೋ ಉಂಟು. ಆನ್ಸೆಲ್ ಆಡಮ್ಸರ ಅತಿ ಪ್ರಸಿದ್ಧ ಚಿತ್ರ 1941ರ ನವೆಂಬರ್ 1ರದ್ದು, ಹೆರ್ನಾಂಡೆಜ್ ಎಂಬ ಸಣ್ಣ ಊರಿನ ಮೇಲೆ ಚಂದ್ರ ಏಳುವುದು. ಬೆಳಕು ಅಳೆಯುವ ಮೀಟರ್ ಆ ಗಡಿಬಿಡಿಯಲ್ಲಿ ಕೈಗೆ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟು ಅಂತ ತಲೆಯಲ್ಲಿದ್ದ ಲೆಕ್ಕದಿಂದ ತೆಗೆದರು. ಎರಡನೆಯದು ತೆಗೆಯುವ ಮೊದಲೇ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಹೋಯಿತು. ಹಾಗೆ ಸಿಕ್ಕಿದ ಒಂದೇ ನೆಗೆಟಿವಿನಿಂದ ಮುಂದೆ ಸಾವಿರಕ್ಕೂ ಹೆಚ್ಚು ಪ್ರಿಂಟ್ ಮಾಡಿದರು, ವರ್ಷ ಹೋದ ಹಾಗೆ ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪಾಗಿಸಿದರು. ತನ್ನ ಚಿತ್ರವನ್ನು ತಾನೇ ಮತ್ತೆ ಮತ್ತೆ ನೋಡಿ ತಿದ್ದುವವನಿಗೆ ಇನ್ನೊಬ್ಬರ ಮಾತು ಭಾರ ಆಗುವುದಿಲ್ಲ.

ಮುಂದಿನ ಸಲ ಗೋಡೆಗೆ ಚಿತ್ರ ಹಾಕುವಾಗ ವಾಚನಾಲಯದವರಿಗೆ ನನ್ನ ಎರಡು ಸಲಹೆ ಉಂಟು. ಪ್ರತಿ ಚಿತ್ರದ ಅಡಿಯಲ್ಲಿ ಜಾಗ, ತಿಂಗಳು, ವರ್ಷ ಬರೆಯಲಿ. ಅಳಿಸಿದ್ದು ಏನಾದರೂ ಇದ್ದರೆ ಅದನ್ನೂ ಬರೆಯಲಿ. ಪದವಿನ ಹುಡುಗ ಆ ಚಿತ್ರವನ್ನು ತೆಗೆದು ಹಾಕಬೇಕಾಗಿಲ್ಲ. ಅದರ ಪಕ್ಕದಲ್ಲಿ ಅಳಿಸುವ ಮೊದಲಿನದ್ದನ್ನೂ ತೂಗುಹಾಕಲಿ, ಒಂದಕ್ಕೆ ‘ನಾನು ಕಂಡಿದ್ದ ಪದವು’ ಅಂತ, ಇನ್ನೊಂದಕ್ಕೆ ‘ಈಗಿನ ಪದವು’ ಅಂತ ಬರೆಯಲಿ. ಎರಡನ್ನು ಒಟ್ಟಿಗೆ ನೋಡಿದ ಮೇಲೆಯೂ ಯಾರಿಗಾದರೂ ಕ್ಯಾಮೆರಾ ಯಾವುದು ಅಂತ ಕೇಳಬೇಕು ಅನ್ನಿಸಿದರೆ ಕೇಳಲಿ, ತೊಂದರೆ ಇಲ್ಲ. ಅದಕ್ಕೆ ಮೊದಲು ನೀನು ನಿಂತಲ್ಲಿಂದ ಬಲಕ್ಕೆ ಎಂತ ಇತ್ತು ಅಂತ ಒಂದು ಮಾತು ಕೇಳಿರಲಿ.